ಗರಗಸ ಬಾತಿನ ಸಾರು

ಅಂಕಲ್ ಬಂದೂಕು ಕೆಳಗಿಟ್ಟದ್ದು ನಾನು ಹೇಳಿದ ಒಂದು ಸುಳ್ಳಿನಿಂದ. ಮೊನ್ನೆ ಇಲ್ಲಿ ಅಮೆರಿಕದಲ್ಲಿ, ಗುಡ್ಡದ ಮೇಲಿನ ಪೋರ್ಟರ್ ರ್ಯಾಂಚಿನ ಅವರ ಮನೆಯಲ್ಲಿ, ಅವರು ತೀರಿಕೊಂಡ ಮೇಲಿನ ಊಟಕ್ಕೆ ಸೇರಿದ್ದವರೆಲ್ಲ, "ಪಾಪ, ಕಣ್ಣು ಹೋಯ್ತು, ಬೇಟೆ ಬಿಟ್ಟುಬಿಟ್ಟರು" ಅಂತ ಮಾತಾಡಿಕೊಂಡರು. ನಾನು ಪಾಯಸ ಬಡಿಸುತ್ತಾ ಸುಮ್ಮನಿದ್ದೆ. ಸುಮ್ಮನಿರುವುದು ನನ್ನ ಜಾಯಮಾನವೇ ಅಲ್ಲ. ನಿನ್ನ ಬಾಯಿಗೆ ಬೀಗ ಹಾಕಿದರೆ ಬೀಗವೇ ಮಾತಾಡೀತು ಅಂತ ನಮ್ಮಮ್ಮ ಬೈಯುತ್ತಾಳೆ. ಆದರೂ ಆ ಪಂಕ್ತಿಯಲ್ಲಿ, ಅವರ ಹೆಂಡತಿ ಆಂಟಿಯ ಎದುರಿಗೆ, ಬಾಯಿ ಬರಲಿಲ್ಲ.

ಅವರ ಪರಿಚಯವಾದದ್ದು ಎರಡು ಸಾವಿರದ ಇಪ್ಪತ್ತರಲ್ಲಿ. ಸ್ಯಾನ್ ಡಿಯಾಗೋದಲ್ಲಿ ಎಂ.ಎಸ್. ಮುಗಿಸಿ, ಎಲ್ ಸೆಗುಂಡೋದಲ್ಲಿ ವಿಮಾನದ ಬಿಡಿಭಾಗ ಮಾಡುವ ಕಂಪನಿಗೆ ಸೇರಿ ಎರಡು ತಿಂಗಳಾಗಿತ್ತು, ಕೊರೊನಾ ಬಂತು. ಊರೆಲ್ಲ ಮನೆಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದರೆ ನಾವು ಇನ್‌ಸ್ಪೆಕ್ಷನ್‌ನವರು ಆಫೀಸಿಗೇ ಹೋಗಬೇಕು. ಲೋಹದ ತುಂಡನ್ನು ಝೂಮ್‌ನಲ್ಲಿ ಅಳೆಯೋಕಾಗುತ್ತದೆಯೇ? ನನಗಿನ್ನೂ ಡ್ರೈವಿಂಗ್ ಲೈಸೆನ್ಸ್ ಇರಲಿಲ್ಲ. ಬಸ್ ಹತ್ತಲು ಭಯ. ಆಗ ನಮ್ಮ ವಿಭಾಗದ ಹಿರಿಯರು, ಅರವತ್ತು ದಾಟಿದವರು, ನನ್ನ ಮೇಜಿನಿಂದ ಆರಡಿ ದೂರ ನಿಂತು ಮಾಸ್ಕಿನೊಳಗಿಂದ ಕೇಳಿದರು: "ಚಾಟ್ಸ್‌ವರ್ತ್‌ನ್ಯಾಗ ಇರ್ತೀಯಂತಲ್ಲವಾ? ನಮ್ಮನಿ ದಾರಿನ ಅದು. ಹಿಂದಿನ ಸೀಟಿನ್ಯಾಗ ಕುಂದ್ರೋದಾದ್ರ ಬಾ. ಕಿಟಕಿ ಮುಚ್ಚಂಗಿಲ್ಲ."

ಕೊಪ್ಪಳ ಜಿಲ್ಲೆಯವರು. ಈ ದೇಶಕ್ಕೆ ಬಂದು ಮೂವತ್ತೈದು ವರ್ಷವಾಗಿದ್ದರೂ ಮಾತು ಕೊಪ್ಪಳ ಬಿಟ್ಟು ಒಂದು ಮೈಲಿ ಈಚೆ ಬಂದಿರಲಿಲ್ಲ. ಮಂಡ್ಯದವಳಾದ ನನಗೆ ಮೊದಲ ವಾರ ಅರ್ಧ ಅರ್ಥವಾಗುತ್ತಿತ್ತು, ಇನ್ನರ್ಧ ಗಾಳಿಗೆ ಹೋಗುತ್ತಿತ್ತು.

ಆ ದಿನಗಳ ಫೋರ್‌ ನಾಟ್‌ ಫೈವ್ ಹೆದ್ದಾರಿ ನೋಡಿದವರಿಗೇ ಗೊತ್ತು. ಖಾಲಿ. ಕೆರೆಯಿರುವ ಸೆಪುಲ್ವೆಡಾ ಬೇಸಿನ್ ಹತ್ತಿರ ಬರುತ್ತಿದ್ದಂತೆ ಅವರು ರಸ್ತೆಯಿಂದ ಕಣ್ಣು ತೆಗೆಯದೆ ಹಾರುವ ಬಾತಿನ ಜಾತಿ ಹೇಳಿಬಿಡುತ್ತಿದ್ದರು: "ಟೀಲ್." "ಪಿನ್‌ಟೇಲ್, ಎರಡು." ನಾನು ಹಿಂದಿನ ಸೀಟಿನಿಂದ ಕತ್ತು ಚಾಚಿದರೆ ಆಕಾಶದಲ್ಲಿ ನಾಲ್ಕು ಕಪ್ಪು ಚುಕ್ಕೆ. "ಅಂಕಲ್, ಸುಮ್ನೆ ಬಿಡ್ತಾ ಇದೀರ. ನನಗೇನು ಗೊತ್ತಾಗಬೇಕು?" ಅಂದರೆ ನಗುತ್ತಿದ್ದರು. ಟೀಲ್ ಅಂದರೆ ಯಾರೋ ಹಿಡಿ ಕಲ್ಲು ಬೀಸಿ ಒಗೆದ ಹಾಗೆ ಗುಂಪಾಗಿ ಹೊರಳುತ್ತದಂತೆ. ಮಲ್ಲಾರ್ಡ್‌ಗೆ ಅವಸರವಿಲ್ಲ, ಊಟ ಮಾಡಿ ಹೊರಟ ಗೌಡರ ಹಾಗೆ ರೆಕ್ಕೆ ಬಡಿಯುತ್ತದಂತೆ. ಬಣ್ಣ ನೋಡಿ ಹೆಸರು ಹೇಳುವವರು ಪುಸ್ತಕ ಓದಿದವರು, ಹಾರಾಟ ನೋಡಿ ಹೇಳುವವರು ಚಳಿಯಲ್ಲಿ ಕೂತವರು ಅನ್ನುವುದು ಅವರ ಮಾತು.

ಬೇಟೆಯನ್ನೇನೂ ಊರಿನಿಂದ ಹೊತ್ತು ತಂದವರಲ್ಲ. ಅವರ ಅಪ್ಪ ನೀರಾವರಿ ಇಲಾಖೆಯಲ್ಲಿ ಗುಮಾಸ್ತರು. ಮನೆಯಲ್ಲಿ ಕವಣೆ ಹಿಡಿದವರೂ ಇಲ್ಲ. ಅವರ ನಲವತ್ತನೇ ವಯಸ್ಸಿನಲ್ಲಿ, ಚಾಟ್ಸ್‌ವರ್ತಿನ ಒಂದು ಮೆಷಿನ್ ಶಾಪಿನಲ್ಲಿ ಲೇತ್ ಓಡಿಸುತ್ತಿದ್ದ ಅಮೆರಿಕನ್ ಮುದುಕನೊಬ್ಬ ಇವರನ್ನು ಒಂದು ಬೆಳಿಗ್ಗೆ ಬಾತಿನ ಬೇಟೆಗೆ ಕೆರೆಗೆ ಕರೆದುಕೊಂಡು ಹೋದನಂತೆ, ಅಷ್ಟೇ. ಅಲ್ಲಿಂದ ಪ್ರತಿ ಚಳಿಗಾಲ, ಬೇಟೆಯ ಲೈಸೆನ್ಸ್, ಶುಲ್ಕದ ಸ್ಟ್ಯಾಂಪು, ಕಾಯ್ದೆ ಪುಸ್ತಕ ಎಲ್ಲ ಚೀಲದಲ್ಲಿಟ್ಟುಕೊಂಡು ಹೊರಡುವುದು. ನಿಯಮ ಪಾಲಿಸುವುದರಲ್ಲಿ ನಮ್ಮ ಆಫೀಸಿನ ಯಾವ ಆಡಿಟರೂ ಅವರ ಕಾಲ ಧೂಳಿಗೆ ಸಮ ಇರಲಿಲ್ಲ.

ಆಂಟಿ ಧಾರವಾಡದ ಕಡೆಯವರು, ಶುದ್ಧ ಶಾಕಾಹಾರಿ. ಮೊದಲ ಹಕ್ಕಿ ಬಂದ ದಿನವೇ ಒಪ್ಪಂದವಾಗಿತ್ತಂತೆ: "ಗ್ಯಾರೇಜ್ ನಿಮ್ಮದು, ಮನಿ ನಂದು. ಒಂದು ಪುಕ್ಕ ಹೊಸ್ತಿಲ ದಾಟಿ ಒಳಗ ಬಂದ್ರ ನೋಡ್ರಿ!" ಹಾಗಾಗಿ ಗ್ಯಾರೇಜಿನಲ್ಲೇ ಗ್ಯಾಸ್ ಒಲೆ, ಫ್ರಿಜ್ಜು, ಮಸಾಲೆ ಡಬ್ಬಿ. ಆದರೆ ಜೋಳದ ರೊಟ್ಟಿ ಮಾತ್ರ ಒಳಗಿನಿಂದ ಬರುತ್ತಿತ್ತು. ಆಂಟಿ ಬಿಸಿ ರೊಟ್ಟಿಯ ಬುಟ್ಟಿಯನ್ನು ಹೊಸ್ತಿಲ ಈಚೆಗೆ ಚಾಚುವರು, ಅಂಕಲ್ ಈಚೆ ನಿಂತು ತೆಗೆದುಕೊಳ್ಳುವರು. ಗಡಿ ದಾಟದೆ ಇಪ್ಪತ್ತು ವರ್ಷ ಸಂಸಾರ ಮಾಡಿದ ದಂಪತಿಯನ್ನು ನಾನಂತೂ ಬೇರೆಲ್ಲೂ ನೋಡಿಲ್ಲ.

ಕನ್ನಡದವರ ಪಿಕ್‌ನಿಕ್ ಆದಾಗ ಎಲ್ಲರೂ ಬಿಸಿಬೇಳೆ ಬಾತು, ಚಿತ್ರಾನ್ನ ತಂದರೆ ಇವರು ನಿಜವಾದ ಬಾತನ್ನೇ ತರುತ್ತಿದ್ದರು. ಪಾತ್ರೆಯ ಮೇಲೆ ಚೀಟಿ: "ಮಲ್ಲಾರ್ಡ್ ಬಾತುಕೋಳಿ. ನಾನೇ ಹೊಡೆದದ್ದು. ಒಳಗೆ ಛರ್ರೆ ಗುಂಡು ಇರಬಹುದು, ಹಲ್ಲು ಜೋಕೆ." ಒಂದು ಸಲ ಇಲ್ಲೇ ಹುಟ್ಟಿದ ಹುಡುಗಿಯೊಬ್ಬಳು ಚೀಟಿ ಓದಲಾಗದೆ ಅಮ್ಮನಿಂದ ಓದಿಸಿಕೊಂಡು, ಸೊಂಟದ ಮೇಲೆ ಕೈ ಇಟ್ಟು ಕೇಳಿದಳು: "ಡಿಡ್ ಇಟ್ ಹರ್ಟ್, ಅಂಕಲ್?" ಸುತ್ತಲಿದ್ದವರು ಏನೋ ಹೇಳಿ ತೇಲಿಸಲು ನೋಡಿದರು. ಇವರು ಮಂಡಿಯೂರಿ ಅವಳ ಸಮಕ್ಕೆ ಕೂತು ಹೇಳಿದರು: "ಹೌದವಾ, ಆತು. ಸ್ವಲ್ಪ ಹೊತ್ತು. ಅದಕ್ಕ ಚೆಲ್ಲಂಗಿಲ್ಲ. ಹೊಡದದ್ದನ್ನ ತಿನ್ನಬೇಕು, ತಿನ್ನದನ್ನ ಹೊಡಿಬಾರ್ದು." ಆ ಹುಡುಗಿ ಯೋಚನೆ ಮಾಡಿ, "ಓಕೆ" ಅಂದು ಒಂದು ತುಂಡು ಹಾಕಿಸಿಕೊಂಡಳು.

ಈ ನಿಯಮದಿಂದಲೇ ಅವರು ಇಷ್ಟು ವರ್ಷ ಒಂದು ಹಕ್ಕಿಯ ತಂಟೆಗೆ ಹೋಗಿರಲಿಲ್ಲ. ಅದು ಮೀನು ತಿನ್ನುವ ಬಾತು. ಇಲ್ಲಿಯವರು ಮರ್ಗ್ಯಾನ್ಸರ್ ಅನ್ನುತ್ತಾರೆ. ಇವರು ಗರಗಸ ಬಾತು ಅಂತ ಹೆಸರಿಟ್ಟಿದ್ದರು. ಉಳಿದ ಬಾತುಗಳ ಕೊಕ್ಕು ಚಪ್ಪಟೆ. ಇದರದ್ದು ಸಣ್ಣ, ಅಂಚಿಗೆಲ್ಲ ಗರಗಸದ ಹಲ್ಲು, ಹಿಡಿದ ಮೀನು ಜಾರದ ಹಾಗೆ. ಮುಳುಗಿ ಮುಳುಗಿ ಮೀನೇ ತಿಂದು ತಿಂದು ಅದರ ಕೊಬ್ಬೆಲ್ಲ ಹಳೇ ಮೀನಿನ ವಾಸನೆ. ಕೆರೆ ದಂಡೆಯ ಬೇಟೆಗಾರರಲ್ಲಿ ಒಂದು ಹಾಸ್ಯವಿದೆ: ಅದನ್ನು ಒಂದು ಕಲ್ಲಿನ ಜೊತೆ ಬೇಯಿಸಬೇಕಂತೆ, ಕಲ್ಲು ಮೆತ್ತಗಾದಾಗ ಹಕ್ಕಿ ಬಿಸಾಕಿ ಕಲ್ಲು ತಿನ್ನಬೇಕಂತೆ. "ನನ್ನ ಬಾಯಿಗೆ ಬರಂಗಿಲ್ಲ, ಅದಕ್ಕ ನನ್ನ ಗುಂಡಿಗೂ ಬರಂಗಿಲ್ಲ" ಅನ್ನುತ್ತಿದ್ದರು ಅಂಕಲ್. ನೀರಿಗೆ ಅಂಟಿಕೊಂಡ ಹಾಗೆ, ತಲೆ ಕುತ್ತಿಗೆ ಬೆನ್ನು ಒಂದೇ ಗೆರೆಯಾಗಿ ಅದು ಬಂದರೆ ಅಷ್ಟು ದೂರದಿಂದಲೇ ಬಂದೂಕು ತಗ್ಗಿಸುತ್ತಿದ್ದರಂತೆ.

ನಿವೃತ್ತಿಯಾದ ಮರುವರ್ಷ ಅವರ ಕಣ್ಣಿನ ನಡುವೆ ಒಂದು ಮಸುಕು ಚುಕ್ಕೆ ಕೂತಿತು. ಸುತ್ತಲಿನದು ಕಾಣುತ್ತದೆ, ಎದುರಿನದು ಕರಗುತ್ತದೆ. ಡಾಕ್ಟರು ಸೂಜಿ ಹಾಕಿದರು, ಕಾರು ಬಿಡಿ ಅಂದರು. ಕಾರು ಬಿಟ್ಟರು. ಬಂದೂಕಿನ ಸುದ್ದಿಯನ್ನು ಡಾಕ್ಟರು ಕೇಳಲಿಲ್ಲ, ಇವರು ಹೇಳಲಿಲ್ಲ. ಆಂಟಿಗೆ "ಚಾಳೀಸು ಜಾಸ್ತಿ ಆಗೈತಿ" ಅಂದರಂತೆ. ಅಷ್ಟು ಹೊತ್ತಿಗೆ ನನಗೆ ಲೈಸೆನ್ಸ್ ಬಂದಿತ್ತು, ಹಳೇ ಕಾರೊಂದು ಬಂದಿತ್ತು. ಒಂದು ದಿನ ಫೋನ್ ಮಾಡಿದರು.

"ಯವ್ವಾ, ಈ ಚಳಿಗಾಲ ನನ್ನ ಸಂಗಟ ಬರ್ತೀಯೇನು? ನೀ ಗಾಡಿ ಹೊಡಿ. ದುರ್ಬೀನ್ ಹಿಡಿ. ಹಕ್ಕಿ ಯಾವುದಂತ ನೀ ಹೇಳು, ನಾ ಹೊಡಿತೀನಿ. ಹಾರೋದು ಕಾಣತೈತಿ. ಹೆಸರು ಕಾಣವಲ್ದು."

ಇಲ್ಲ ಅನ್ನಬೇಕಿತ್ತು. ಈಗ ಅನ್ನಿಸುತ್ತದೆ, ಆಗ ಅನ್ನಿಸಲಿಲ್ಲ. ಕತ್ತಲಲ್ಲಿ ದಾರಿ ತೋರಿಸಿದವರು ಕೈ ಚಾಚಿ ಕೇಳಿದಾಗ ಬುದ್ಧಿ ಹೇಳುವುದು ಹೇಗೆ? ಎರಡು ವರ್ಷ ಹಿಂದಿನ ಸೀಟಿನಲ್ಲಿ ಕೂತು ಕಲಿತವಳು ನಾನು. ನನಗೂ ಒಳಗೊಳಗೇ ಜಂಬ ಬಂತು. ನಾವು ಶುಕ್ರವಾರ ಸಂಜೆ ಹೊರಟು ಸ್ಯಾನ್ ಡಿಯಾಗೋದ ಮಿರಾ ಮೆಸಾದಲ್ಲಿ ನನ್ನ ಹಳೇ ರೂಮ್‌ಮೇಟ್ ಮನೆಯಲ್ಲಿ ಮಲಗಿ, ಬೆಳಗಾಗುವ ಮೊದಲೇ ಪೂರ್ವದ ಗುಡ್ಡಗಳ ನಡುವಿನ ಕೆರೆಗೆ ಹೋಗುತ್ತಿದ್ದೆವು. ಜೊಂಡಿನ ಮರೆಯಲ್ಲಿ ಪುಟ್ಟ ದೋಣಿ, ನೀರಿನ ಮೇಲೆ ಹಕ್ಕಿ ಸೆಳೆಯಲು ಒಂದು ಡಜನ್ ಪ್ಲಾಸ್ಟಿಕ್ ಬಾತು, ಎದೆಯವರೆಗೆ ರಬ್ಬರ್ ಪ್ಯಾಂಟು. ನಾನು ಹೆಸರು ಹೇಳುವೆ, ಅವರು ಹೊಡೆಯುವರು ಇಲ್ಲವೇ ಬಿಡುವರು. ಡಿಸೆಂಬರ್ ಪೂರ್ತಿ ಒಂದೂ ತಪ್ಪಲಿಲ್ಲ. "ಭಪ್ಪರೆ!" ಅಂತ ಬೆನ್ನು ತಟ್ಟಿದರು. ಎರಡು ಕಣ್ಣು ನಿಂದು, ಎರಡು ಕೈ ನಂದು, ಇಬ್ಬರೂ ಸೇರಿ ಒಬ್ಬ ಸರಿಯಾದ ಬೇಟೆಗಾರ ಅಂತ ನಕ್ಕರು.

ಜನವರಿಯಲ್ಲಿ ಮೂರು ಶನಿವಾರ ಖಾಲಿ ಕೈ. ಮೂರನೆಯ ಶನಿವಾರ ಚಳಿ ಎಲುಬಿಗಿಳಿದಿತ್ತು. ಸೋಮವಾರ ಮತ್ತೆ ಕಣ್ಣಿನ ಡಾಕ್ಟರ ಹತ್ತಿರ ಹೋಗುವುದಿತ್ತು. ಅಂಕಲ್ ಫ್ಲಾಸ್ಕಿನ ಚಹಾ ಸುರಿದುಕೊಳ್ಳುವಾಗ ಕಪ್ಪಿನ ಪಕ್ಕಕ್ಕೆ ಸುರಿದರು; ಕೈ ಸುಟ್ಟರೂ ಉಫ್ ಅನ್ನಲಿಲ್ಲ. "ಇದ ಕಡೇ ವರ್ಷ ಕಾಣತೈತಿ" ಅಂದರು.

ಆಗ ಬಂತು ಒಂದು ಹಕ್ಕಿ. ಬೆಳಕಿಗೆ ಎದುರಾಗಿ, ಒಂಟಿ, ಜೊಂಡಿನ ಮೇಲೆ. ಅದು ತಲೆ ತಿರುಗಿಸಿದಾಗ ದುರ್ಬೀನಿನಲ್ಲಿ ಹಸಿರು ಹೊಳೆಯಿತು. ಮಲ್ಲಾರ್ಡ್ ಗಂಡಿಗೂ ಹಸಿರು ತಲೆ. ಆದರೆ ಮೈಮೇಲೆ ಬಿಳಿ ಜಾಸ್ತಿ ಅನ್ನಿಸಿತು. ಮೈ ಉದ್ದ ಅನ್ನಿಸಿತು. ಕೊಕ್ಕು ಕಾಣಲಿಲ್ಲ. ಗೊತ್ತಿಲ್ಲ ಅನ್ನಬೇಕಿತ್ತು. ಗೊತ್ತಿಲ್ಲ ಅಂದಿದ್ದರೆ ಅವರು ಬಂದೂಕು ಇಳಿಸುತ್ತಿದ್ದರು, ಅದೂ ಹೋಗುತ್ತಿತ್ತು, ನಾವು ಮತ್ತೆ ಖಾಲಿ ಕೈಯಲ್ಲಿ ಮೂರು ಗಂಟೆ ಡ್ರೈವ್ ಮಾಡುತ್ತಿದ್ದೆವು. ನಾನು ಅಂದೆ: "ಮಲ್ಲಾರ್ಡ್ ಅಂಕಲ್! ಮಲ್ಲಾರ್ಡೇ, ಹಸಿರು ತಲೆ, ಹೊಡೀರಿ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂದೇ ಗುಂಡು. ಹಕ್ಕಿ ನೀರಿಗೆ ಬಿತ್ತು.

ದೋಣಿ ಹುಟ್ಟು ಹಾಕಿಕೊಂಡು ಹೋಗಿ ನಾನೇ ಎತ್ತಿದೆ. ಎತ್ತುವಾಗಲೇ ಕೆಂಪು, ಸಣ್ಣ ಕೊಕ್ಕು ಕಂಡಿತು. ಅವರ ಮಡಿಲಿಗಿಟ್ಟೆ. ಅವರು ನೋಡಲು ಹೋಗಲಿಲ್ಲ. ಆಫೀಸಿನಲ್ಲಿ ಲೋಹದ ಅಂಚನ್ನು ನೋಡುತ್ತಿದ್ದ ಹಾಗೆ ಹೆಬ್ಬೆರಳಿನಿಂದ ಕೊಕ್ಕನ್ನು ಬುಡದಿಂದ ತುದಿಯವರೆಗೆ ಸವರಿದರು.

"ಗರಗಸ."

"ಸಾರಿ ಅಂಕಲ್. ಹಸಿರು ತಲೆ ನೋಡಿ ನಾನು..."

"ಇರಲಿ ಬಿಡವಾ. ಎರಡಕ್ಕೂ ಹಸಿರ ತಲಿ."

ಪಕ್ಕದ ದೋಣಿಯ ಒಬ್ಬ ಬೇಟೆಗಾರ ನಮ್ಮ ಹಕ್ಕಿ ನೋಡಿ ಆ ಕಲ್ಲು ಬೇಯಿಸುವ ಹಾಸ್ಯ ಕೂಗಿ ಹೇಳಿದ. ಅಂಕಲ್ ಕೈ ಎತ್ತಿ ನಕ್ಕರು. ಆಮೇಲೆ ಬಂದೂಕಿನಲ್ಲಿ ಉಳಿದ ಗುಂಡುಗಳನ್ನು ತೆಗೆದು ಜೇಬಿಗೆ ಹಾಕಿಕೊಂಡರು. ಗಂಟೆ ಇನ್ನೂ ಏಳೂವರೆ. ಅವತ್ತು ಮತ್ತೆ ತುಂಬಲಿಲ್ಲ.

ಮನೆಗೆ ಬಂದವರೇ ಗ್ಯಾರೇಜಿನಲ್ಲಿ ಕೂತರು. ಪುಕ್ಕ ಕೀಳುವ ಹಾಗಿಲ್ಲ, ಚರ್ಮದ ಸಮೇತ ಸುಲಿಯಬೇಕು, ವಾಸನೆ ಇರುವುದು ಕೊಬ್ಬಿನಲ್ಲಿ. ಗಂಟಲು ಕೊಯ್ದಾಗ ಒಂದು ಬೆರಳುದ್ದದ ಮೀನು ಹಾಗೇ ಹೊರಬಂತು, ಇನ್ನೂ ಕರಗಿರಲಿಲ್ಲ. ಅದನ್ನು ಅಂಗೈಯಲ್ಲಿಟ್ಟುಕೊಂಡು ಅಂಕಲ್ ಬೆರಳಿನಿಂದ ಸವರಿದರು. "ಇದರ ನಾಷ್ಟಾ ಆಗಿತ್ತು" ಅಂದರು. ನಾನು ಹಳದಿ ಕೊಬ್ಬನ್ನೆಲ್ಲ ಚಾಕುವಿನ ತುದಿಯಲ್ಲಿ ಕೆರೆದು ತೆಗೆದೆ. ಉಪ್ಪು ನೀರು, ಆಮೇಲೆ ಮಜ್ಜಿಗೆ, ಫ್ರಿಜ್ಜಿನಲ್ಲಿ ಒಂದು ದಿನ. ಭಾನುವಾರ ಅರ್ಧ ಮಾಂಸವನ್ನು ಅವರ ಮಾಮೂಲಿ ಖಾರ ಹಾಕಿ ಹುರಿದರು. ಅಯ್ಯೋ ರಾಮ! ಹೊಗೆ ಎದ್ದದ್ದೇ ತಡ, ಎದುರು ಮನೆಯವರು ಗ್ಯಾಸ್ ಸೋರುತ್ತಿದೆಯಾ ಅಂತ ಕೇಳಿಕೊಂಡು ಬಂದರು. ಹಿಂದೊಮ್ಮೆ ನೆಲದಡಿಯ ಗ್ಯಾಸ್ ತಿಂಗಳುಗಟ್ಟಲೆ ಸೋರಿದ್ದ ಆ ಗುಡ್ಡದವರಿಗೆ ಕೆಟ್ಟ ವಾಸನೆ ಅಂದರೆ ಮೊದಲು ಹೊಳೆಯುವುದೇ ಅದು. ಆಂಟಿ ಹೊಸ್ತಿಲಲ್ಲಿ ನಿಂತು ಸೆರಗು ಮೂಗಿಗೆ ಹಿಡಿದು, "ಏನ್ರೀ ಅದು, ಸತ್ತದ್ದೋ ಕೊಳೆತದ್ದೋ?" ಅಂದರು.

"ತಪ್ಪಿ ಹೊಡದದ್ದು" ಅಂದರು ಅಂಕಲ್.

"ತಪ್ಪಿ ಹೊಡದ್ರ ತಪ್ಪಿ ಚೆಲ್ಲ್ರಿ."

"ಹಂಗ ಬರಂಗಿಲ್ಲ."

ಬಾಯಿಗಿಟ್ಟರೆ ಕೆರೆಯ ತಳ. ಕೆಸರು, ತುಕ್ಕು, ಮೊನ್ನೆಯ ಮೀನು. ಆದರೂ ಅವರು ಜಗಿದು ಜಗಿದು ನುಂಗಿದರು. ನನಗೆ ನೋಡಲಾಗಲಿಲ್ಲ. ಮಂಡ್ಯಕ್ಕೆ ವಿಡಿಯೋ ಕಾಲ್ ಮಾಡಿದೆ. "ಬಾತೋ ಮೀನೋ ಸರಿಯಾಗಿ ಹೇಳೇ" ಅಂದಳು ಅಮ್ಮ. ಎರಡೂ ಅಂದೆ. "ಹಂಗಾದ್ರೆ ಮೀನು ಅಂತಲೇ ತಿಳ್ಕೊ. ಅದು ತಿಂದಿದ್ದೇ ತಾನೇ ಅದರ ಮೈ? ಹುಣಸೆಹುಳಿ ಗಟ್ಟಿಯಾಗಿ ಬಿಡು, ಮೆಂತ್ಯ ಹುರಿದು ಹಾಕು, ಈರುಳ್ಳಿ ಸುಟ್ಟು ರುಬ್ಬು. ಇವತ್ತು ಮಾಡು, ನಾಳೆ ತಿನ್ನು." ಅಂಕಲ್ ಪಕ್ಕದಿಂದ, "ಅವ್ವಾರ, ನೀವು ನಮ್ಮ ಆಫೀಸಿನ್ಯಾಗ ಇರಬೇಕಿತ್ರಿ" ಅಂದರು. ಅಮ್ಮ ನಾಚಿದಳು.

ಉಳಿದರ್ಧ ಹಾಗೆ ಸಾರಾಯಿತು. ಸೋಮವಾರ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದು ತಂದ ಮೇಲೆ ಇಬ್ಬರೂ ಗ್ಯಾರೇಜಿನಲ್ಲಿ ಕೂತು, ಹೊಸ್ತಿಲಾಚೆಯಿಂದ ಬಂದ ರೊಟ್ಟಿಯ ಜೊತೆ ಉಂಡೆವು. ಚೆನ್ನಾಗಿತ್ತು ಅಂದರೆ ಸುಳ್ಳಾಗುತ್ತದೆ. ತಿನ್ನುವ ಹಾಗಿತ್ತು. ಹುಳಿ ಮುಂದೆ ಬಂತು, ಕೆರೆ ಹಿಂದೆ ಸರಿಯಿತು. ಅಂಕಲ್ ಎಲುಬನ್ನೂ ಬಿಡದೆ ಚೀಪಿದರು. ಬಟ್ಟಲನ್ನು ರೊಟ್ಟಿಯ ತುಂಡಿನಿಂದ ಒರೆಸಿ ತಿಂದು, ಕೈ ತೊಳೆದುಕೊಂಡು ಬಂದು ಹೇಳಿದರು: "ನಾಳೆ ಬಂದೂಕು ಕೊಟ್ಟು ಬರೋಣು. ಗಾಡಿ ತಗೊಂಡು ಬಾ."

ಇಲ್ಲಿ ಬಂದೂಕನ್ನು ಯಾರ ಕೈಗೂ ಸುಮ್ಮನೆ ಕೊಡುವ ಹಾಗಿಲ್ಲ, ಅಂಗಡಿಗೇ ಹೋಗಬೇಕು, ಕಾಗದದ ಮೇಲೆ ಕಾಗದ. ಅಂಗಡಿಯವನು ಕೊಳವೆಯೊಳಗೆ ಇಣುಕಿ, ಇಷ್ಟು ಚೆನ್ನಾಗಿ ಇಟ್ಟಿದ್ದೀರಿ, ಯಾಕೆ ಕೊಡುತ್ತೀರಿ ಅಂತ ಕೇಳಿದ. ಅಂಕಲ್ ಬೆರಳಿನಿಂದ ಕಣ್ಣು ತೋರಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಕಣ್ಣಲ್ಲ, ನಾನು ಅಂತ ಹೇಳಬೇಕು ಅನ್ನಿಸಿತು. ಅವರು ಕಣ್ಣಿನ ನಡುವಿನ ಚುಕ್ಕೆಯ ಮೇಲೆ ತಪ್ಪು ಹೊರಿಸಿದ್ದಾರೆ, ನಿಜವಾಗಿ ತಪ್ಪಿದ್ದು ನನ್ನ ನಾಲಿಗೆ. ಆದರೆ ಹೇಳಿದರೆ ಮತ್ತೆ ಬಂದೂಕು ವಾಪಸು ಕೇಳುತ್ತಾರೇನೋ, ಆ ಕಣ್ಣಿನಲ್ಲಿ ಮತ್ತೆ ಹೊಡೆಯುತ್ತಾರೇನೋ, ಒಂದು ದಿನ ಹಕ್ಕಿಯ ಜಾಗದಲ್ಲಿ ಯಾರದೋ ದೋಣಿ ಇದ್ದರೆ? ಹೀಗೆ ನನ್ನ ಹೇಡಿತನಕ್ಕೆ ಒಳ್ಳೆಯ ಕಾರಣವೊಂದು ಸಿಕ್ಕಿಬಿಟ್ಟಿತು. ಎರಡು ವರ್ಷ ಅದನ್ನು ಹೊದ್ದುಕೊಂಡು ತಿರುಗಿದೆ.

ಆ ಎರಡು ವರ್ಷ ಪ್ರತಿ ಭಾನುವಾರ ಅವರ ಮನೆಗೆ ಹೋಗುತ್ತಿದ್ದೆ. ಹಿತ್ತಲಿನಲ್ಲಿ ಕೂತು ಹಕ್ಕಿ ನೋಡಿ ಹೇಳು ಅನ್ನುತ್ತಿದ್ದರು. ನಾನು ಹೇಳುತ್ತಿದ್ದೆ, ಅವರು ತಲೆಯಾಡಿಸುತ್ತಿದ್ದರು. ಹೆಸರು ಹೇಳಿದಾಗಲೆಲ್ಲ ಒಳಗೆ ಚುಚ್ಚುತ್ತಿತ್ತು. ಕಳೆದ ದೀಪಾವಳಿಗೆ ಮುಂಚಿನ ಭಾನುವಾರ ತಡೆಯಲಾಗಲಿಲ್ಲ. ಆಂಟಿ ಒಳಗೆ ಚಕ್ಕುಲಿ ಒತ್ತುತ್ತಿದ್ದರು.

"ಅಂಕಲ್, ಅವತ್ತು ನನಗೆ ಗೊತ್ತಿರಲಿಲ್ಲ. ಮಲ್ಲಾರ್ಡ್ ಅಂತ ಗ್ಯಾರಂಟಿ ಇರಲಿಲ್ಲ. ಬಿಳಿ ಜಾಸ್ತಿ ಕಾಣ್ತಿತ್ತು. ಆದರೂ ಹೇಳಿದೆ. ನೀವು ಖಾಲಿ ಕೈಲಿ ಹೋಗೋದು ನೋಡೋಕಾಗಲಿಲ್ಲ ನಂಗೆ."

ಅವರು ನನ್ನ ಕಡೆ ತಿರುಗಿದರು. ನೇರ ನೋಡಿದರೆ ನಾನು ಕಾಣುವುದಿಲ್ಲವಾದ್ದರಿಂದ ನನ್ನ ಭುಜದಾಚೆಗೆ ನೋಡಿದರು.

"ಗೊತ್ತೈತವಾ."

"ಗೊತ್ತಾ? ಯಾವಾಗಿಂದ?"

"ನೀ ಹೇಳಿದಾಗಿಂದ. ಖಾತ್ರಿ ಇದ್ದಾಗ ನೀ ಬರೇ ಹೆಸರು ಹೇಳ್ತಿದ್ದಿ. ಅವತ್ತ ಅಂಕಲ್ ಅನ್ನೋದು, ಹಕ್ಕಿ ಹೆಸರು, ತಲಿ ಬಣ್ಣ, ಹೊಡೀರಿ ಅಂತ ಅಪ್ಪಣೆ, ಎಲ್ಲಾ ಹೇಳಿದಿ. ಕಣ್ಣು ಮಂಜಾಗಿತ್ತು. ಕಿವಿ ನೆಟ್ಟಗ ಇತ್ತು."

"ಮತ್ತೆ ಯಾಕೆ ಹೊಡೆದ್ರಿ?"

"ಹೊಡಿಬೇಕನ್ನೋ ಆಸೆ ಇತ್ತವಾ." ಬಲಗೈಯ ತೋರುಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು. "ಕಣ್ಣಿನ ಸಲುವಾಗಿ ಬಿಟ್ಟಿಲ್ಲ ನಾ. ಕಣ್ಣಾದ್ರ ಇನ್ನೊಂದು ವರ್ಷ ಹೆಂಗರ ದೂಡತಿದ್ದೆ. ಅನುಮಾನ ಕೇಳಿಸಿದ ಮ್ಯಾಲೂ ಬೆರಳು ನಿಲ್ಲಲಿಲ್ಲಲ್ಲ, ಅದಕ್ಕ ಬಿಟ್ಟೆ. ನಿನಗ ಹೇಳಲಿಲ್ಲ, ನಾಚಿಕಿ ಆತು. ನಿನ್ನ ತಪ್ಪು ಅಂತ ನೀ ತಿಳಕೊಂಡಿದ್ದಿ, ನಾ ಹಂಗ ತಿಳಕೊಳ್ಳಾಕ ಬಿಟ್ಟೆ. ಅದೂ ತಪ್ಪ."

ನನಗೆ ಅಳು ಬಂತು. ಚಕ್ಕುಲಿಯ ಎಣ್ಣೆ ವಾಸನೆಯ ನಡುವೆ, ಹಿತ್ತಲಿನಲ್ಲಿ, ದೊಡ್ಡ ಹೆಂಗಸು ನಾನು, ಚಿಕ್ಕ ಮಕ್ಕಳ ಹಾಗೆ ಅತ್ತೆ. ಅಳಬೇಡ ಅಂತ ಅವರು ಅನ್ನಲಿಲ್ಲ. ಅಳು ಮುಗಿಯುವವರೆಗೆ ಕಾದು, ಕೈ ಚಾಚಿ, ಎರಡು ಸಲ ಗಾಳಿ ತಡವಿ, ಮೂರನೆಯ ಸಲಕ್ಕೆ ನನ್ನ ತಲೆ ಸಿಕ್ಕಿ ಅದರ ಮೇಲೆ ಕೈ ಇಟ್ಟರು.

"ಸಾಕು ಬಿಡು. ಆ ಗರಗಸ ನೀನೂ ಕುಂತು ತಿಂದೀಯಲ್ಲ. ನಿನ್ನ ತಪ್ಪೂ ಅಲ್ಲಿಗೆ ಮುಗೀತು."